ಮರ ಬರೆಸದೆ ಸಹಿ ಹಾಕಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಕೇಳಿದೆ. ಎತ್ತಿನಹೊಳೆ ಯೋಜನೆಯ ಬೈರಗೊಂಡ್ಲು ಡ್ಯಾಮಿಗೆ ನಿಮ್ಮ ಹೊಲ ತಗೊಳ್ಳೋಕೆ ಅಂತ ಅಳತೆಯವರು ಬಂದಿದ್ದಾರೆ, ಹೊಲದಲ್ಲಿ ಏನೇನಿದೆ ಅಂತ ಬರೆಯೋ ಮಹಜರಿಗೆ ಸಹಿ ಕೇಳುತ್ತಿದ್ದಾರೆ, ಹಾಕಲಾ ದೊಡ್ಡಪ್ಪ ಅಂತೀಯ.

ಮರ ಬರೆಸದೆ ಹಾಕಬೇಡ. ನಾಲೆಗೆ ನಮ್ಮ ಕೆರೆ ಹಿಂದಿನ ಹೊಲ ಹೋಯಿತಲ್ಲ, ಅವತ್ತು ನಾನು ಮಾಡಿದ ತಪ್ಪು ಅದೇ. ಬದುವಿನ ಮೇಲೆ ನಾಲ್ಕು ಹುಣಸೆ ಮರ. ನಿಮ್ಮಜ್ಜಿ ಹಣ್ಣು ಕುಟ್ಟಿ, ಬೀಜ ಬಿಡಿಸಿ, ತುಮಕೂರು ಮಂಡಿಗೆ ಹಾಕಿಸಿ ವರ್ಷದ ಉಪ್ಪು, ಎಣ್ಣೆ, ಬಟ್ಟೆ ತೂಗಿಸುತ್ತಿದ್ದಳು. ಅಳತೆಗೆ ಬಂದವನು ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು "ಇಲ್ಲಿ ಹಾಕಿ" ಅಂದ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ನಾನೇ ನೋಡಿ ಹಾಕಿಸಿದೆ. ನೋಡಿ ಅಂದರೆ, ನೋಡಲೇ ಇಲ್ಲ. ಬಿಸಿಲು, ಮುದ್ದೆ ಆರುತ್ತಿತ್ತು, ಅಷ್ಟೇ ಕಾರಣ. ಪರಿಹಾರದ ಪಟ್ಟಿ ಬಂದಾಗ ಒಂದು ಎಕರೆ ಖುಷ್ಕಿ, ಮರ ಸೊನ್ನೆ. ಕೇಳೋಣ ಅಂದರೆ ಆಗಲೇ ನಾಲೆ ತೋಡಿಯಾಗಿತ್ತು. ಯಾವ ಮರ ತೋರಿಸಲಿ? ಆಮೇಲೆ ನಿಮ್ಮಜ್ಜಿ ಸಾರಿಗೂ ಹುಣಸೆಹಣ್ಣು ಕೊಂಡು ತಂದಳು. ತಂದಾಗೆಲ್ಲ ನನ್ನ ಮುಖ ನೋಡುತ್ತಿದ್ದಳು.

ಇನ್ನೊಂದು ಸಲ ಹೇಳುತ್ತೇನೆ. ಹುಣಸೆ, ಹಲಸು, ಹೊಂಗೆ, ಬೋರು, ಕೊಟ್ಟಿಗೆ, ಎಲ್ಲ ಬರೆಯೋವರೆಗೂ ಪೆನ್ನು ಮುಟ್ಟಬೇಡ.

ದರ ಅಂತೂ ಕೇಳಲೇಬೇಡ. ಒಂದೇ ನೀರಲ್ಲಿ ಮುಳುಗೋ ನೆಲ, ದೊಡ್ಡಬಳ್ಳಾಪುರದ ಕಡೆ ಜಾಸ್ತಿ, ನಿಮ್ಮ ಕೊರಟಗೆರೆ ಕಡೆ ಕಡಿಮೆ ಅಂತ ಎಷ್ಟು ಧರಣಿ ಆಯಿತು ಅಲ್ವಾ? ಲೆಕ್ಕಕ್ಕೆ ಹಿಡಿಯೋದು ಸುತ್ತಮುತ್ತಲ ಹಿಂದಿನ 3 ವರ್ಷದ ಕ್ರಯಪತ್ರ, ಇಲ್ಲ ನೋಂದಣಿಯ ಮಾರ್ಗಸೂಚಿ ದರ, ಯಾವುದು ಹೆಚ್ಚೋ ಅದು. ನಾವೋ ಸ್ಟಾಂಪ್ ಖರ್ಚು ಉಳಿಸಲು ಕ್ರಯಪತ್ರದಲ್ಲಿ ಅರ್ಧ ಬರೆಸಿದವರು. ನಿನ್ನ ಚಿಕ್ಕಪ್ಪನೂ ಅಷ್ಟೇ. ನಾಲೆ ದುಡ್ಡಲ್ಲಿ ತುಮಕೂರಲ್ಲಿ ಸೈಟು ತಗೊಂಡ, ಮನೆ ಕಟ್ಟಿದ, ಗೃಹಪ್ರವೇಶಕ್ಕೆ ನನ್ನನ್ನು ಫೋನಲ್ಲಿ ಕರೆದ. ಫೋನಲ್ಲಿ! ಸ್ವಂತ ಅಣ್ಣನನ್ನು. ಅವನೂ ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಪಹಣಿ ಇನ್ನೂ ನಿಮ್ಮ ಮಾವನವರ ಹೆಸರಲ್ಲೇ ಇದೆ ಅಲ್ವಾ? ಮರಣ ಪತ್ರ, ವಂಶವೃಕ್ಷ ತಗೊಂಡು ನಾಡಕಚೇರಿಗೆ ಹೋಗಿ, ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ಹಾಕಿ. ಇಲ್ಲದಿದ್ದರೆ ದುಡ್ಡು ನಿಮ್ಮ ಕೈಗೆ ಬರೋದು ಕಷ್ಟ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಆದ 60 ದಿನದೊಳಗೆ ಆಕ್ಷೇಪಣೆ ಕೊಡಬೇಕು, ಬರವಣಿಗೆಯಲ್ಲಿ. ಪರಿಹಾರ ಕಡಿಮೆ ಬಂದರೆ "ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ" ಅಂತ ಬರೆದೇ ತಗೊಳ್ಳಿ. ಐತೀರ್ಪಿನ ದಿನ, ಅಂದರೆ ಪರಿಹಾರ ಇಷ್ಟು ಅಂತ ಅಧಿಕಾರಿ ತೀರ್ಮಾನ ಕೊಡೋ ದಿನ, ನೀವು ಅಲ್ಲೇ ಇದ್ದರೆ ಹೆಚ್ಚು ಕೇಳಲು 6 ವಾರ ಮಾತ್ರ ಟೈಮು.

ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗಿ ಒಂದೊಂದು ಮರದ ಪಕ್ಕ ನಿಂತು ಫೋಟೋ ತೆಗೆಸಿಕೋ. ನನಗೂ ಕಳಿಸು.