ಪಲ್ಲವಿ ಲ್ಯಾಪ್‌ಟಾಪ್ ವಿಷಯ: 14 ಇಂಚೋ, 16 ಇಂಚೋ

ಅಕ್ಕಾ, ಭಾವ, ಇಬ್ಬರಿಗೂ ಸೇರಿಸಿ ಹೇಳ್ತಿದೀನಿ. ಗ್ರೂಪಲ್ಲಿ ಬೆಳಗ್ಗೆಯಿಂದ ಇದೇ ಚರ್ಚೆ ನಡೀತಿದೆ, ಒಂದೊಂದು ಸಾಲಲ್ಲಿ ಉತ್ತರ ಕೊಟ್ರೆ ಮುಗಿಯೋದಲ್ಲ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಪಲ್ಲವಿಗೆ ಮೈಸೂರಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ, ಹಾಸ್ಟೆಲಲ್ಲಿ ಇರ್ತಾಳೆ. ಭಾವ ಕಳಿಸಿದ್ದು 14 ಇಂಚಿಂದು: 1.4 ಕೆಜಿ, ರೈಝನ್ 5 7520ಯು ಪ್ರೊಸೆಸರ್, 8 ಜಿಬಿ ರ್‍ಯಾಮ್. ಕಾರ್ತಿಕ್ ಕಳಿಸಿದ್ದು 16 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್: ಆರ್‌ಟಿಎಕ್ಸ್ 4050 ಗ್ರಾಫಿಕ್ಸ್, 2.4 ಕೆಜಿ. "ಎಐ ಕಲಿಯೋಳಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ದೆ ಹೇಗೆ" ಅಂತ ಅವನ ವಾದ. ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಚಿಕ್ಕದೇ ತಗೊಳ್ಳಿ, ಆದ್ರೆ ಭಾವ ಕಳಿಸಿದ ಆ ಚಿಕ್ಕದು ಬೇಡ.

ಯಾಕೆ ಬೇಡ ಅಂತ ಹೇಳ್ತೀನಿ. 7520ಯು ಅನ್ನೋ ನಂಬರ್ ನೋಡಿ. ಮೊದಲ ಅಂಕಿ 7 ಇದೆ, ಹೊಸದು ಅಂತ ಅನ್ನಿಸುತ್ತೆ. ಆದ್ರೆ ರೈಝನ್ ಮಾಡೋ ಎಎಂಡಿ ಕಂಪನಿಯವರ 7000 ಸರಣಿಯಲ್ಲಿ ಒಳಗಿರೋ ಚಿಪ್ ಯಾವ ಕಾಲದ್ದು ಅಂತ ಹೇಳೋದು ಮೂರನೇ ಅಂಕಿ. ಇಲ್ಲಿ ಅದು 2. ಅಂದ್ರೆ ಝೆನ್ 2, ಅದು 2019ರಲ್ಲಿ ಬಂದ ವಿನ್ಯಾಸ, ಬರೀ 4 ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡೋ ಭಾಗಗಳು). 7530ಯು ಅಂದ್ರೆ ಝೆನ್ 3, 6 ಕೋರ್. 7640ಎಚ್‌ಎಸ್ ಅಂದ್ರೆ ಝೆನ್ 4. ಮೂರಕ್ಕೂ ಡಬ್ಬದ ಮೇಲೆ ಅಂಟಿಸೋದು "ರೈಝನ್ 5" ಅನ್ನೋ ಒಂದೇ ಸ್ಟಿಕರ್, ಅಂಗಡಿಯವನು ಹೇಳೋದೂ ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ ರ್‍ಯಾಮ್‌ದು. ಈ 7520ಯು ಚಿಪ್ಪಿಗೆ ಎಲ್‌ಪಿಡಿಡಿಆರ್5 ರ್‍ಯಾಮೇ ಬೇಕು, ಅದನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಮುಂದೆ ಇನ್ನೊಂದು 8 ಜಿಬಿ ಹಾಕಿಸ್ತೀನಿ ಅಂದ್ರೆ ಜಾಗವೇ ಇಲ್ಲ. ವಿಂಡೋಸ್ 11, ಕ್ರೋಮಲ್ಲಿ ಹತ್ತು ಟ್ಯಾಬ್, ಇಷ್ಟಕ್ಕೇ ಐದಾರು ಜಿಬಿ ಹೋಗುತ್ತೆ. ಅದರ ಮೇಲೆ ಫೋನ್ ಆ್ಯಪ್ ಬರೆಯೋ ಆಂಡ್ರಾಯ್ಡ್ ಸ್ಟುಡಿಯೋ ತೆಗೆದು ಎಮ್ಯುಲೇಟರ್ (ಸ್ಕ್ರೀನ್ ಮೇಲಿನ ನಕಲಿ ಫೋನ್) ಓಡಿಸಿದ್ರೆ ಮೌಸ್ ಕೂಡ ಎಳೆದಾಡುತ್ತೆ. ಆ ಎರಡಕ್ಕೂ ಸೇರಿ 16 ಜಿಬಿ ಇರಲಿ ಅಂತ ಗೂಗಲ್‌ನವರೇ ಹೇಳ್ತಾರೆ. ನಾಲ್ಕು ವರ್ಷ ಬಾಳಬೇಕಾದ ಮಷೀನಿಗೆ 8 ಜಿಬಿ ಬೆಸುಗೆ ಅನ್ನೋದು ಎರಡನೇ ವರ್ಷದಲ್ಲೇ ಉಸಿರು ಕಟ್ಟೋ ವ್ಯವಹಾರ.

ಈಗ ಕಾರ್ತಿಕ್ ಮಾತಿಗೆ ಬರೋಣ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಡೀಪ್ ಲರ್ನಿಂಗ್‌ಗೆ ಹೆಚ್ಚಾಗಿ ಬಳಸೋದು ಕುಡಾ, ಅಂದ್ರೆ ಗ್ರಾಫಿಕ್ಸ್ ಕಾರ್ಡಲ್ಲಿ ಲೆಕ್ಕ ಮಾಡಿಸೋ ಸಾಫ್ಟ್‌ವೇರ್; ಅದು ಓಡೋದು ಎನ್ವಿಡಿಯಾ ಕಾರ್ಡಲ್ಲಿ ಮಾತ್ರ. ಆದ್ರೆ ಪಲ್ಲವಿ ಯಾವಾಗ ಏನು ಮಾಡ್ತಾಳೆ ಅಂತ ನೋಡಿ. ಮೊದಲ ವರ್ಷ ಸಿ, ಪೈಥಾನ್. ಆಮೇಲೆ ಡೇಟಾ ಸ್ಟ್ರಕ್ಚರ್ಸ್, ಜಾವಾ, ಡೇಟಾಬೇಸ್. ಮಷಿನ್ ಲರ್ನಿಂಗ್ ಲ್ಯಾಬ್ ಬರೋದು ಐದು-ಆರನೇ ಸೆಮಿಸ್ಟರ್ ಹೊತ್ತಿಗೆ. ಆ ಲ್ಯಾಬಲ್ಲಿ ಐರಿಸ್ ಹೂವಿನ ಡೇಟಾ ಕೊಡ್ತಾರೆ, ಅದು ಬರೀ 150 ಸಾಲು. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡ, ಯಾವ ಪ್ರೊಸೆಸರಲ್ಲೂ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ.

ಕೊನೇ ವರ್ಷದ ಪ್ರಾಜೆಕ್ಟಿಗೆ ಬೇಕಾಗಬಹುದು, ಒಪ್ಪೋಣ. ಆಗ 4050 ಕೊಡೋದು 6 ಜಿಬಿ ವಿಡಿಯೋ ಮೆಮೊರಿ. 700 ಕೋಟಿ ಪ್ಯಾರಾಮೀಟರಿನ (ಮಾಡೆಲ್ ಒಳಗೆ ಇಟ್ಟುಕೊಳ್ಳೋ ಸಂಖ್ಯೆಗಳು) ಒಂದು ಭಾಷಾ ಮಾಡೆಲ್ಲನ್ನ ಪೂರ್ತಿ 16 ಬಿಟ್ಟಲ್ಲಿ ತುಂಬಿಸೋಕೆ 14 ಜಿಬಿ ಬೇಕು. 4 ಬಿಟ್ಟಿಗೆ ಕುಗ್ಗಿಸಿದ್ರೆ ನಾಲ್ಕು ಜಿಬಿ ಚಿಲ್ಲರೆಗೆ ಇಳಿಯುತ್ತೆ. ಆಗ ಓಡಿಸಿ ನೋಡಬಹುದು, ಆದ್ರೆ ಆ ಗಾತ್ರದ ಮಾಡೆಲ್ಲಿಗೆ ತರಬೇತಿ ಕೊಡ್ತೀನಿ ಅಂದ್ರೆ ಅದರಲ್ಲಿ ಆಗಲ್ಲ. ಇಂಟರ್ನೆಟ್ಟಲ್ಲೇ ಕೋಡ್ ಓಡಿಸೋ ಗೂಗಲ್ ಕೊಲ್ಯಾಬಲ್ಲಿ ಟಿ4 ಅನ್ನೋ ಗ್ರಾಫಿಕ್ಸ್ ಕಾರ್ಡು ಪುಕ್ಕಟೆ ಸಿಗುತ್ತೆ, ಅದರಲ್ಲಿ 16 ಜಿಬಿ ಇದೆ. ಹೊತ್ತುಗೊತ್ತಿನ ಮಿತಿ ಇರುತ್ತೆ, ಸುಮ್ನೆ ಬಿಟ್ಟು ಹೋದ್ರೆ ಕಡಿದು ಹಾಕುತ್ತೆ, ಅದಕ್ಕೇ ಫೈಲನ್ನ ಆಗಾಗ ಡ್ರೈವಿಗೆ ಸೇವ್ ಮಾಡ್ತಿರಬೇಕು. ಅದೇ ಥರದ ಕ್ಯಾಗಲಲ್ಲೂ ಫೋನ್ ನಂಬರ್ ದೃಢಪಡಿಸಿದ್ರೆ ವಾರಕ್ಕೆ ಸುಮಾರು 30 ಗಂಟೆ ಗ್ರಾಫಿಕ್ಸ್ ಕಾರ್ಡ್ ಕೊಡ್ತಾರೆ. ವಿದ್ಯಾರ್ಥಿ ಪ್ರಾಜೆಕ್ಟಿಗೆ ಇಷ್ಟು ಧಾರಾಳ ಆಯ್ತು.

ಇನ್ನೊಂದು ವಿಷಯ, ಕಾರ್ತಿಕ್, ಇದನ್ನ ಅಂಗಡಿಯವರು ಹೇಳಲ್ಲ ಕಣೋ. ಆರ್‌ಟಿಎಕ್ಸ್ 4050 ಅಂದ್ರೆ ಒಂದೇ ವೇಗ ಅಲ್ಲ. ಅದಕ್ಕೆ ಎಷ್ಟು ವ್ಯಾಟ್ ಬಿಡ್ತಾರೆ ಅನ್ನೋದು ಕಂಪನಿಗೆ ಬಿಟ್ಟಿದ್ದು, 35 ವ್ಯಾಟಿಂದ 115 ವ್ಯಾಟ್ ತನಕ. ಟಿಜಿಪಿ ಅಂತ ಬರೆದಿರ್ತಾರೆ. 50 ವ್ಯಾಟಿನ 4050, 100 ವ್ಯಾಟಿನ 4050 ಪಕ್ಕಪಕ್ಕ ಇಟ್ರೆ ಅಣ್ಣ-ತಮ್ಮ ಅಂತ ಹೇಳೋಕಾಗಲ್ಲ. ಶಾಪಿಂಗ್ ಆ್ಯಪಿನ ಪಟ್ಟೀಲಿ ಅದು ಸಾಮಾನ್ಯವಾಗಿ ಇರಲ್ಲ, ಕಂಪನಿ ವೆಬ್‌ಸೈಟಲ್ಲಿ ಮಾಡೆಲ್ ನಂಬರ್ ಹಾಕಿ ಸ್ಪೆಕ್ ಶೀಟ್ ತೆಗೆದು ನೋಡಬೇಕು. ಪ್ರೊಸೆಸರಿಗೂ ಇದೇ ಕಥೆ. ಸಾಮಾನ್ಯವಾಗಿ ಹೆಸರಿನ ಕೊನೇಲಿ ಯು ಇದ್ರೆ 15 ವ್ಯಾಟ್ ಲೆಕ್ಕದ್ದು, ಎಚ್ ಇದ್ರೆ 45, ಎಚ್‌ಎಕ್ಸ್ ಇದ್ರೆ 55. ತೆಳ್ಳಗಿನ ಮೈಯಲ್ಲಿ ಎಚ್ ಚಿಪ್ ಕೂರಿಸಿದ್ರೂ ಮೊದಲ ಅರ್ಧ ನಿಮಿಷ ಜೋರಾಗಿ ಓಡಿ, ಬಿಸಿ ಏರ್ತಿದ್ದ ಹಾಗೆ 28-35 ವ್ಯಾಟಿಗೆ ಇಳಿಯುತ್ತೆ. ಚಿಕ್ಕ ಮಷೀನಿನ ನಿಜವಾದ ಕೊರತೆ ಅದೇ. ಗಂಟೆಗಟ್ಟಲೆ ವಿಡಿಯೋ ಎಡಿಟಿಂಗ್, ರೆಂಡರಿಂಗ್ ಮಾಡೋರಿಗೆ ಅದು ನೋವಾಗುತ್ತೆ. ಹತ್ತು ಸೆಕೆಂಡಲ್ಲಿ ಕಂಪೈಲ್ ಆಗೋ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ.

ಬ್ಯಾಟರಿ ಲೆಕ್ಕ ಸುಲಭ, ಅಕ್ಕ, ಇದನ್ನ ನೀವೇ ಹಾಕಬಹುದು. ಸ್ಪೆಕ್ ಶೀಟಲ್ಲಿ ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅಂತ ಇರುತ್ತೆ. ಅದನ್ನ ಮಷೀನ್ ಎಳೆಯೋ ವ್ಯಾಟಿಂದ ಭಾಗಿಸಿ. 60 ವ್ಯಾಟ್-ಅವರ್ ಇದ್ದು, ಟೈಪಿಂಗ್, ಬ್ರೌಸಿಂಗಲ್ಲಿ ಚಿಕ್ಕದು 8 ವ್ಯಾಟ್ ಎಳೆದ್ರೆ ಏಳೂವರೆ ಗಂಟೆ. ಗೇಮಿಂಗ್ ಮಷೀನು ಅದೇ ಕೆಲಸಕ್ಕೆ 15 ಎಳೆದ್ರೆ ನಾಲ್ಕು ಗಂಟೆ. ಗ್ರಾಫಿಕ್ಸ್ ಕಾರ್ಡು ಮಲಗದೇ ಹಿನ್ನೆಲೇಲಿ ಎದ್ದೇ ಕೂತಿದ್ರೆ 25-30 ವ್ಯಾಟ್, ಎರಡು ಗಂಟೆ ಚಿಲ್ಲರೆಗೆ ಖಲಾಸ್. ಬ್ಯಾಟರಿ ಮೇಲೆ ಓಡುವಾಗ ಆ ಕಾರ್ಡಿನ ವೇಗವೂ ಕುಸಿಯುತ್ತೆ, ಯಾಕಂದ್ರೆ ಪ್ರೊಸೆಸರಿಗೂ ಕಾರ್ಡಿಗೂ ಸೇರಿ 150 ವ್ಯಾಟ್ ಕೊಡೋ ತಾಕತ್ತು ಅಷ್ಟು ಚಿಕ್ಕ ಬ್ಯಾಟರಿಗಿಲ್ಲ. ಅಂದ್ರೆ ದುಡ್ಡು ಕೊಟ್ಟಿದ್ದ ವೇಗ ಸಿಗೋದು ಗೋಡೆ ಪಕ್ಕ ಕೂತಾಗ ಮಾತ್ರ. ಕ್ಲಾಸಲ್ಲಿ ಎಪ್ಪತ್ತು ಮಕ್ಕಳಿಗೆ ಎಷ್ಟು ಸಾಕೆಟ್ ಇರುತ್ತೆ ಹೇಳಿ.

ತೂಕ ಅಂದಾಗ ಬರೀ ಲ್ಯಾಪ್‌ಟಾಪ್ ನೋಡಬೇಡಿ, ಅಡಾಪ್ಟರ್ ಸೇರಿಸಿ. ಚಿಕ್ಕದರ 65 ವ್ಯಾಟಿನ ಯುಎಸ್‌ಬಿ-ಸಿ ಚಾರ್ಜರ್ ಕಾಲು ಕೆಜಿ ಒಳಗೆ, ಅದರಲ್ಲೇ ಫೋನೂ ಚಾರ್ಜ್ ಆಗುತ್ತೆ. ಗೇಮಿಂಗ್‌ದಕ್ಕೆ 180-230 ವ್ಯಾಟಿನ ಇಟ್ಟಿಗೆ ಬರುತ್ತೆ, ಅದೇ ಮುಕ್ಕಾಲು ಕೆಜಿ ಹತ್ತಿರ. ಒಂದು ಕಡೆ 1.65, ಇನ್ನೊಂದು ಕಡೆ 3 ಕೆಜಿ ದಾಟುತ್ತೆ. ಪುಸ್ತಕ, ನೀರಿನ ಬಾಟಲ್ ಬೇರೆ.

ಪ್ಲಗ್ ವಿಷಯ ಯಾರೂ ಯೋಚಿಸಲ್ಲ. ನಮ್ಮಲ್ಲಿ ಮಾರೋ ಕೆಲವು ಗೇಮಿಂಗ್ ಲ್ಯಾಪ್‌ಟಾಪಿನ ಜೊತೆ 16 ಆಂಪ್ಸಿನ ದಪ್ಪ ಪಿನ್ನಿನ ಪ್ಲಗ್ ಬರುತ್ತೆ, ಗೀಸರಿಗೆ ಹಾಕ್ತಾರಲ್ಲ ಅದು. ಹಾಸ್ಟೆಲ್ ರೂಮಲ್ಲಿ ಇರೋದು ಸಣ್ಣ 6 ಆಂಪ್ಸ್ ಸಾಕೆಟ್. ಕೂರೋದೇ ಇಲ್ಲ. ಇದಕ್ಕೆ ಗಾಬರಿ ಬೇಡ, ಅಡಾಪ್ಟರ್ ಎಳೆಯೋದು ಹೆಚ್ಚುಕಡಿಮೆ ಒಂದು ಆಂಪಿಯರ್ ಅಷ್ಟೇ. ಅಡಾಪ್ಟರಿನ ತೂತು ಡೆಸ್ಕ್‌ಟಾಪ್ ಸಿಪಿಯು ಕೇಬಲ್ ಕೂರೋ ಆಕಾರದ್ದಾಗಿದ್ರೆ ಒಂದು ಒಳ್ಳೆ ಮೂರು ಪಿನ್ನಿನ ಸಿಪಿಯು ಪವರ್ ಕೇಬಲ್ ತಂದು ಹಾಕಿದ್ರೆ ಆಯ್ತು. ಅದು ಬಿಟ್ಟು ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸೋಕೆ ಹೋಗಬೇಡಿ. ಅರ್ಥಿಂಗ್ ತಪ್ಪಿಹೋಗುತ್ತೆ, ಮೆಟಲ್ ಬಾಡಿ ಮುಟ್ಟಿದಾಗ ಕೈ ಜುಮ್ಮೆನ್ನುತ್ತೆ. ಚಿಕ್ಕ ಲ್ಯಾಪ್‌ಟಾಪಲ್ಲೂ ಹಾಗೆ ಜುಮ್ ಅಂದ್ರೆ ಮೊದಲು ನೋಡಬೇಕಾದ್ದು ಆ ಗೋಡೆ ಸಾಕೆಟ್ಟಿನ ಅರ್ಥಿಂಗನ್ನೇ.

ಚಿಕ್ಕಮ್ಮ ಮ್ಯಾಕ್‌ಬುಕ್ ಏರ್ ಬಗ್ಗೆ ಕೇಳಿದ್ರಲ್ಲ. ಕಂಪ್ಯೂಟರ್ ಸೈನ್ಸಿಗೆ ಚೆನ್ನಾಗೇ ಆಗುತ್ತೆ. 13 ಇಂಚಿಂದು 1.24 ಕೆಜಿ, ಫ್ಯಾನೇ ಇಲ್ಲ, ಸದ್ದಿಲ್ಲ, ಬ್ಯಾಟರಿ ಇವೆಲ್ಲಕ್ಕಿಂತ ಜಾಸ್ತಿ ಬರುತ್ತೆ. ಆದ್ರೆ ರ್‍ಯಾಮ್, ಸ್ಟೋರೇಜ್ ಎರಡೂ ತಗೊಂಡ ದಿನ ಎಷ್ಟೋ ಕೊನೇ ತನಕ ಅಷ್ಟೇ. ವಿಂಡೋಸಿಗೆ ಮಾತ್ರ ಇರೋ ಸಾಫ್ಟ್‌ವೇರ್ ಓಡಲ್ಲ. ಮೊದಲ ವರ್ಷದ ಡ್ರಾಯಿಂಗ್ ವಿಷಯಕ್ಕೆ ಬಳಸೋ ಸಾಲಿಡ್ ಎಡ್ಜ್ ಕೂಡ ವಿಂಡೋಸಿಂದೇ. ಅದನ್ನ ಲ್ಯಾಬಲ್ಲಿ ಮಾಡ್ಕೊಳ್ಳಬಹುದು, ರೂಮಲ್ಲಿ ಅಭ್ಯಾಸ ಮಾಡೋಕೆ ಸಿಗಲ್ಲ. ಬಜೆಟ್ ಇದ್ರೆ ತಗೊಳ್ಳಿ, ಸಾಲ ಮಾಡಿ ಬೇಡ. ಹಳೇ 8 ಜಿಬಿಯ ಎಂ1 ಚಿಪ್ಪಿನ ಏರ್ ಕಡಿಮೆಗೆ ಸಿಗುತ್ತೆ ಅಂತ ಮಾತ್ರ ಹೋಗಬೇಡಿ.

ಹಾಗಾದ್ರೆ ದೊಡ್ಡದು ಯಾರಿಗೆ? ಪಲ್ಲವಿಗೆ ಆರ್ಕಿಟೆಕ್ಚರ್ ಸಿಕ್ಕಿದ್ರೆ ನಾನೇ ಕಾರ್ತಿಕ್ ಪರ ನಿಲ್ತಿದ್ದೆ. ಲುಮಿಯಾನ್ ಥರದ ರೆಂಡರಿಂಗ್ ಸಾಫ್ಟ್‌ವೇರ್ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ದೆ ಮುಂದಕ್ಕೇ ಹೋಗಲ್ಲ. ಮೆಕ್ಯಾನಿಕಲ್‌ನವರು ಸಾಲಿಡ್‌ವರ್ಕ್ಸಲ್ಲಿ ದೊಡ್ಡ ಅಸೆಂಬ್ಲಿ ತಿರುಗಿಸುವಾಗಲೂ, ಆನ್ಸಿಸ್ ಓಡಿಸುವಾಗಲೂ ದೊಡ್ಡ ಮೈ, ಹೆಚ್ಚು ರ್‍ಯಾಮ್ ಉಪಯೋಗಕ್ಕೆ ಬರುತ್ತೆ. ಮನೇಲೇ ಟೇಬಲ್ ಮೇಲೆ ಇಟ್ಟು ಬಳಸೋರಿಗೆ ತೂಕದ ಮಾತೇ ಬರಲ್ಲ. ಮತ್ತೆ ಗೇಮ್ ಆಡಬೇಕು ಅನ್ನೋದು ಕೂಡ ನ್ಯಾಯವಾದ ಕಾರಣವೇ. ಅದನ್ನ ಎಐ ಅಂತ ಹೇಳೋದು ಬೇಡ, ಅಷ್ಟೇ!

ಈಗ ಏನು ಹುಡುಕಬೇಕು ಅಂತ ಹೇಳ್ತೀನಿ, ಭಾವ, ಬರ್ಕೊಳ್ಳಿ. 14 ಇಂಚು, 1.5 ಕೆಜಿ ಒಳಗೆ. ಪ್ರೊಸೆಸರ್ ಇಂಟೆಲ್ ಆದ್ರೆ ಕೋರ್ ಅಲ್ಟ್ರಾ 5 125ಎಚ್ ಇಲ್ಲಾ ಅದಕ್ಕಿಂತ ಹೊಸದು, ಎಎಂಡಿ ಆದ್ರೆ 7640ಎಚ್‌ಎಸ್, 8840ಎಚ್‌ಎಸ್ ಮಟ್ಟದ್ದು. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್ ಇರೋ ವಿಂಡೋಸ್ ಲ್ಯಾಪ್‌ಟಾಪ್ ಬ್ಯಾಟರಿಗೆ ಚೆನ್ನ, ಆದ್ರೆ ಲ್ಯಾಬಿನ ಹಳೇ ಸಾಫ್ಟ್‌ವೇರ್, ಡ್ರೈವರ್‌ಗಳು ಕೈಕೊಡಬಹುದು, ವಿದ್ಯಾರ್ಥಿಗೆ ಆ ತಲೆನೋವು ಬೇಡ. ರ್‍ಯಾಮ್ 16 ಜಿಬಿ, ಬೆಸುಗೆ ಹಾಕಿದ್ರೂ ಪರವಾಗಿಲ್ಲ. ಸ್ಲಾಟ್ ಇರೋದು ಸಿಕ್ರೆ ಎರಡು 8 ಜಿಬಿ ಸ್ಟಿಕ್ ಇರೋದು ಒಂದೇ 16ರ ಸ್ಟಿಕ್‌ಗಿಂತ ಒಳ್ಳೇದು, ಒಳಗಿನ ಗ್ರಾಫಿಕ್ಸ್ ರ್‍ಯಾಮನ್ನೇ ಹಂಚ್ಕೊಳ್ಳೋದ್ರಿಂದ ಒಂದೇ ಸ್ಟಿಕ್, ಒಂದೇ ದಾರಿ ಇದ್ರೆ ಗ್ರಾಫಿಕ್ಸ್ ನಿಧಾನ ಆಗುತ್ತೆ. ಎಸ್‌ಎಸ್‌ಡಿ (ಫೈಲ್ ಇಡೋ ಡಿಸ್ಕ್) 512 ಜಿಬಿ ಸಾಕು, ಬಹಳಷ್ಟು ಮಷೀನಲ್ಲಿ ಅದನ್ನ ಆಮೇಲೆ ಬದಲಾಯಿಸಬಹುದು. ಸ್ಕ್ರೀನ್ ಮಾತ್ರ ಬದಲಾಯಿಸೋಕಾಗಲ್ಲ, ಅದನ್ನ ಚೌಕಾಸಿ ಮಾಡಬೇಡಿ: 1920 ಗುಣಿಸು 1200 ಪಿಕ್ಸೆಲ್, ಐಪಿಎಸ್ ಇಲ್ಲಾ ಓಲೆಡ್ ಜಾತಿಯ ಪರದೆ, ಹೊಳಪು 300 ನಿಟ್ಸ್ ಮೇಲೆ. "45% ಎನ್‌ಟಿಎಸ್‌ಸಿ" ಅಂತ ಬರೆದಿದ್ರೆ ಬಣ್ಣ ತೊಳೆದ ಬಟ್ಟೆ ಥರ ಕಾಣುತ್ತೆ, "100% ಎಸ್‌ಆರ್‌ಜಿಬಿ" ಇದ್ರೆ ಒಳ್ಳೇದು. ಚಾರ್ಜಿಂಗ್ ಯುಎಸ್‌ಬಿ-ಸಿ ಇರಲೇಬೇಕು. 14 ಇಂಚು ಚಿಕ್ಕದಾಯ್ತು ಅಂತ ಪಲ್ಲವಿಗೆ ಮುಂದೆ ಅನ್ನಿಸಿದ್ರೆ ಉಳಿದ ದುಡ್ಡಲ್ಲಿ 24 ಇಂಚಿನ ಮಾನಿಟರ್ ಒಂದು ಕೊಡಿಸಿ, ಹತ್ತು ಸಾವಿರದ ಆಸುಪಾಸಿಗೆ ಬರುತ್ತೆ. 16 ಇಂಚಿಗಿಂತ ಕಣ್ಣಿಗೂ ಕತ್ತಿಗೂ ಅದೇ ಸುಖ.

ತಗೊಳ್ಳೋ ದಿನ ಅಂಗಡೀಲೇ ಆನ್ ಮಾಡಿಸಿ. ಡಬ್ಬದ ಮೇಲಿನ ಸೀರಿಯಲ್ ನಂಬರೂ ಮಷೀನಿನ ಅಡಿಯಲ್ಲಿರೋದೂ ಬಿಲ್ಲಲ್ಲಿರೋದೂ ಒಂದೇನಾ ನೋಡಿ. ಪಲ್ಲವಿ ಪುಟ್ಟಿ, ನೀನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತು, ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ಎಷ್ಟು ಜಿಬಿ, ಎಷ್ಟು ಸ್ಲಾಟ್ ಬಳಕೇಲಿದೆ ಅಂತ ಅಲ್ಲೇ ಕಾಣುತ್ತೆ. ಪಕ್ಕದಲ್ಲಿ ಸಿಪಿಯು ಒತ್ತಿದ್ರೆ ಪ್ರೊಸೆಸರಿನ ಪೂರ್ತಿ ಹೆಸರು, ಕೋರುಗಳ ಲೆಕ್ಕ. ಸ್ಕ್ರೀನಿನ ತುಂಬ ಬಿಳಿ ಚಿತ್ರ ಒಂದು, ಕಪ್ಪು ಚಿತ್ರ ಒಂದು ಇಟ್ಟು ಸತ್ತ ಪಿಕ್ಸೆಲ್ ಇದೆಯಾ ನೋಡು. ಆನ್‌ಲೈನಲ್ಲಿ ತರಿಸೋದಾದ್ರೆ ಓಪನ್ ಬಾಕ್ಸ್ ಡೆಲಿವರಿ ಆರಿಸಿ, ಡಬ್ಬ ಬಿಚ್ಚೋದನ್ನ ಮೊದಲಿಂದ ಕೊನೇ ತನಕ ಕಡಿಯದೆ ವಿಡಿಯೋ ಮಾಡಿ. ಮನೆಗೆ ಬಂದ ಮೇಲೆ ಕಂಪನಿ ವೆಬ್‌ಸೈಟಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿಂದ ಶುರುವಾಗಿದೆ ಅಂತ ನೋಡಿ. ತಿಂಗಳುಗಟ್ಟಲೆ ಹಿಂದಿನ ತಾರೀಖು ತೋರಿಸಿದ್ರೆ ಬಿಲ್ ಅಪ್‌ಲೋಡ್ ಮಾಡಿ ಸರಿ ಮಾಡಿಸ್ಕೊಳ್ಳಬೇಕು. ಒಂದು ವರ್ಷದ ವಾರಂಟಿ ಮುಗಿಯೋ ಮುಂಚೇನೇ ಇನ್ನೆರಡು ವರ್ಷ ವಿಸ್ತರಿಸಿಕೊಳ್ಳಿ. ಹಾಸ್ಟೆಲಲ್ಲಿ ಇರೋರಿಗೆ, ಲ್ಯಾಪ್‌ಟಾಪ್ ಬಿದ್ದು ಒಡೆಯೋದು, ಚಹಾ ಚೆಲ್ಲೋದು ಸೇರಿರೋ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನೇ ಮುಖ್ಯ, ಬರೀ ವಾರಂಟಿ ಅದನ್ನ ಮುಟ್ಟಲ್ಲ.

ಹಾಸಿಗೆ, ರಗ್ಗಿನ ಮೇಲೆ ಇಟ್ಟು ಬಳಸಬೇಡ ಪುಟ್ಟಿ, ಗಾಳಿ ಎಳೆಯೋ ಕಿಂಡಿ ಅಡಿಯಲ್ಲೇ ಇರೋದು. ಸದಾ ಚಾರ್ಜಿಗೆ ಹಾಕೇ ಓದೋದಾದ್ರೆ ಕಂಪನಿ ಆ್ಯಪಲ್ಲಿ 80%ಗೆ ಚಾರ್ಜ್ ನಿಲ್ಲಿಸೋ ಆಯ್ಕೆ ಇರುತ್ತೆ, ಆನ್ ಮಾಡ್ಕೋ.

ಭಾವ, ದುಡ್ಡು ಕಟ್ಟೋ ಮುಂಚೆ ಪೂರ್ತಿ ಮಾಡೆಲ್ ನಂಬರ್ ಇರೋ ಲೇಬಲ್‌ನ ಫೋಟೋ ಇಲ್ಲೇ ಹಾಕಿ. "ರೈಝನ್ 5 ಲ್ಯಾಪ್‌ಟಾಪ್" ಅಂತ ಅಲ್ಲ, ಪೂರ್ತಿ ನಂಬರ್.