ಕರೆಂಟ್ ಬಂತು, ಕಂಪ್ಯೂಟರ್ ಮಾತ್ರ ಏಳಲಿಲ್ಲ: ಅನುಭವ ಇದ್ದವರು ಹೇಳಿ

ಕೊಡಗಿನ ನಾಪೋಕ್ಲು ಹತ್ತಿರದ ತೋಟದ ಮನೆಯಿಂದ ಕೇಳುತ್ತಿದ್ದೇನೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆಗೆ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಆಗಾಗ ಉದ್ದಕ್ಕೆ ಬೀಪ್ ಬೀಪ್ ಅನ್ನುತ್ತದೆ. ಏಳು ವರ್ಷದ ಡೆಸ್ಕ್‌ಟಾಪ್. ಅಂಗಡಿಯವರೊಬ್ಬರು ನೋಡದೆಯೇ ಫೋನಿನಲ್ಲಿ ‘ಮದರ್‌ಬೋರ್ಡ್ ಹೋಗಿರಬೇಕು, ಹೊಸದು ತಗೊಳ್ಳಿ’ ಅಂದರು. ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್ ಅದು. ತೋಟದ ಲೆಕ್ಕ, ಕೆಲಸದವರ ಹಾಜರಿ, ಅಪ್ಪನ ಫೋಟೋಗಳು ಎಲ್ಲ ಅದರಲ್ಲೇ ಇವೆ. ಏನು ಮಾಡಲಿ?

ಗೋಣಿಕೊಪ್ಪಲಿನಿಂದ:

ಅಕ್ಕ, ಹೊಸದು ಕೊಳ್ಳುವ ಮಾತು ಈಗಲೇ ಬೇಡ. ಫ್ಯಾನ್ ತಿರುಗಿ, ಪರದೆ ಕಪ್ಪಾಗಿ, ಉದ್ದ ಬೀಪ್ ಬಂದರೆ ತುಂಬ ಬೋರ್ಡ್‌ಗಳಲ್ಲಿ ಅದು ರ‍್ಯಾಮ್ ಸಿಗುತ್ತಿಲ್ಲ ಅನ್ನುವ ಸೂಚನೆ. ರ‍್ಯಾಮ್ ಅಂದರೆ ಬೋರ್ಡ್ ಮೇಲೆ ಸಿಕ್ಕಿಸಿರುವ ಉದ್ದನೆಯ ಮೆಮೊರಿ ಪಟ್ಟಿ, ಅದರ ಅಂಚಿನ ಹಳದಿ ಗೆರೆಗಳಿಗೆ ಹಲ್ಲು ಅನ್ನುತ್ತೇವೆ. ನಮ್ಮ ಮನೆಯಲ್ಲಿ ಎರಡು ಮಳೆಗಾಲ ಇದೇ ಆಯಿತು. ಚಪ್ಪಲಿಗೆ, ಬೆಲ್ಟ್‌ಗೆ ಬೂಷ್ಟು ಹಿಡಿಯುವ ಊರಲ್ಲಿ ರ‍್ಯಾಮ್ ಹಲ್ಲಿನ ಮೇಲೆ ಮಂಕು ಕೂರುವುದು ದೊಡ್ಡ ವಿಷಯವಲ್ಲ. ದಿನಾ ಓಡುತ್ತಿದ್ದರೆ ಪೆಟ್ಟಿಗೆ ಒಳಗೆ ಬೆಚ್ಚಗಿರುತ್ತದೆ. ನಾಲ್ಕು ದಿನ ಸುಮ್ನೆ ಬಿದ್ದಿದ್ದರೆ ಥಂಡಿ ಹಿಡಿಯುತ್ತದೆ, ಅಲ್ವಾ?

ಮೊದಲು ಗೋಡೆಯ ಪ್ಲಗ್ಗನ್ನೇ ಕಿತ್ತುಬಿಡಿ, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಪಕ್ಕದ ಮುಚ್ಚಳ ತೆಗೆದು, ಪೆಟ್ಟಿಗೆಯ ಬಣ್ಣವಿಲ್ಲದ ಕಬ್ಬಿಣದ ಜಾಗವನ್ನು ಒಮ್ಮೆ ಮುಟ್ಟಿ. ರ‍್ಯಾಮ್ ಕ್ಲಿಪ್ ಬಿಡಿಸಿ, ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಹೊರಗೆ ತೆಗೆಯಿರಿ. ಮಕ್ಕಳ ಬಿಳಿ ರಬ್ಬರ್ ಇದೆಯಲ್ಲ, ಪೆನ್ಸಿಲ್ ಅಳಿಸುವುದು, ಅದರಿಂದ ಹಳದಿ ಹಲ್ಲುಗಳನ್ನು ಎರಡೂ ಕಡೆ ಮೆಲ್ಲಗೆ ಉಜ್ಜಿ. ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಮೇಲಿನ ಲೇಪ ಕಿತ್ತು ಬರುತ್ತದೆ. ರಬ್ಬರ್ ಪುಡಿ ಬ್ರಷ್‌ನಿಂದ ಒರೆಸಿ. ವಾಪಸ್ ಹಾಕುವಾಗ ಕ್ಲಿಪ್ ಟಕ್ ಅಂತ ಕೂರಬೇಕು. ಹೆಚ್ಚಿನವರು ಹೆದರಿ ಅರ್ಧಕ್ಕೇ ಬಿಡುತ್ತಾರೆ. ಎರಡು ರ‍್ಯಾಮ್ ಇದ್ದರೆ ಒಂದೊಂದಾಗಿ, ಬೇರೆ ಬೇರೆ ಸ್ಲಾಟ್‌ನಲ್ಲಿ ಹಾಕಿ ನೋಡಿ.

ಒಳಗೆ ಒದ್ದೆ ಕಂಡರೆ ಅವತ್ತು ಆನ್ ಮಾಡಲೇಬೇಡಿ. ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸಿಡುತ್ತೇವಲ್ಲ, ಹಾಗೆ ಮುಚ್ಚಳ ತೆಗೆದು ಬೆಚ್ಚಗಿನ ಕೋಣೆಯಲ್ಲಿ ಎರಡು ದಿನ ಇಡಿ. ಒಲೆಯ ಹತ್ತಿರ ಬೇಡ, ಹೊಗೆ ಮಸಿ ಕೂರುತ್ತದೆ.

ಮಡಿಕೇರಿಯಿಂದ:

ಮೇಲಿನವರು ಹೇಳಿದ್ದು ಸರಿ. ಬೋರ್ಡ್ ಮೇಲೆ ನಾಣ್ಯದಂಥ ಬ್ಯಾಟರಿ ಇರುತ್ತದೆ, ಅದನ್ನೂ ನೋಡಿ. ಸಿಆರ್ 2032, 3 ವೋಲ್ಟ್. ಪ್ಲಗ್‌ನಲ್ಲಿ ಕರೆಂಟ್ ಇರುವಾಗ ಅದಕ್ಕೆ ಕೆಲಸ ಕಡಿಮೆ. ನಾಲ್ಕು ದಿನ ಕರೆಂಟ್ ಇಲ್ಲದಾಗ ಗಡಿಯಾರವನ್ನು ಅದೊಂದೇ ನಡೆಸಬೇಕು. ಹಳೆಯದಾದರೆ ಅಲ್ಲೇ ಸುಸ್ತಾಗುತ್ತದೆ. ಆಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಬಯಾಸ್ ಸೆಟ್ಟಿಂಗ್, ಅಂದರೆ ಕಂಪ್ಯೂಟರ್ ಏಳುವಾಗ ಮೊದಲು ನೋಡುವ ಸೆಟ್ಟಿಂಗ್, ಅಳಿಸಿಹೋಗಬಹುದು. ಕೆಲವು ಸಲ ‘ಬೂಟ್ ಡಿವೈಸ್ ಸಿಗಲಿಲ್ಲ’ ಅಂತ ಬರುತ್ತದೆ. ಹಾರ್ಡ್ ಡಿಸ್ಕ್ ಸತ್ತಿತು ಅಂದುಕೊಳ್ಳಬೇಡಿ, ಯಾವ ಡಿಸ್ಕ್‌ನಿಂದ ಏಳಬೇಕು ಅನ್ನುವ ಬೂಟ್ ಸೆಟ್ಟಿಂಗ್ ಬದಲಾಗಿರಬಹುದು. ನಾನು ಹೀಗೆ ಹೆದರಿ ಒಂದು ವಾರ ನಿದ್ದೆಗೆಟ್ಟಿದ್ದೇನೆ. ಮಾನಿಟರ್ ಕೇಬಲ್ಲನ್ನೂ ಒಮ್ಮೆ ಕಿತ್ತು ಹಾಕಿ. ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ತೆಗೆದು ಆನ್ ಮಾಡಿ.

ಸೋಮವಾರಪೇಟೆಯಿಂದ:

ನನ್ನದು ಬೇರೆ ಕತೆ. ಕಾಫಿ ಹೂ ಬಿಡಿಸುವ ಬೇಸಿಗೆಯ ಹೂಮಳೆಯ ಹೊತ್ತಿನ ಸಿಡಿಲಿಗೆ ಹೋಯಿತು. ಪ್ಲಗ್ ತೆಗೆದಿದ್ದೆ, ಆದರೆ ಕಂಬದಿಂದ ಬಂದ ಫೋನ್ ತಂತಿ ಮೋಡೆಮ್‌ನಲ್ಲೇ ಇತ್ತು. ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಸೀದಾ ಬೋರ್ಡ್‌ಗೆ ಹೊಡೆಯಿತು. ಈಗ ಗುಡುಗು ಕೇಳಿದರೆ ಎರಡನ್ನೂ ಕೀಳುತ್ತೇನೆ. ಕರೆಂಟ್ ಬಂದ ಕೂಡಲೇ ಆನ್ ಮಾಡುವುದಿಲ್ಲ. ಬರುತ್ತದೆ, ಹೋಗುತ್ತದೆ, ವೋಲ್ಟೇಜ್ ಏರಿಳಿಯುತ್ತದೆ. ಹತ್ತು ನಿಮಿಷ ಬಿಡಿ.

ಫ್ಯಾನೂ ತಿರುಗದಿದ್ದರೆ, ಅಥವಾ ಒಂದು ಕ್ಷಣ ತಿರುಗಿ ನಿಂತರೆ, ಎಸ್‌ಎಮ್‌ಪಿಎಸ್ ಮೇಲೆ ಅನುಮಾನ ಇಡಬೇಕು, ಅಂದರೆ ಒಳಗೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ. ಅದನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ಕುಶಾಲನಗರದಿಂದ:

ನಮ್ಮ ಕಡೆ ಮಳೆ ಕಡಿಮೆ, ಧೂಳು ಜಾಸ್ತಿ. ಆದ್ದರಿಂದ ಥಂಡಿ ಬಗ್ಗೆ ನಾನು ಹೇಳುವುದಿಲ್ಲ. ಫೋಟೋ ಬಗ್ಗೆ ಹೇಳುತ್ತೇನೆ. ಅಂಗಡಿಗೆ ಕೊಡಲೇಬೇಕಾದರೆ ‘ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಅಂತ ಬಿಲ್ ಮೇಲೇ ಬರೆಸಿ. ಬಾಯಲ್ಲಿ ಹೇಳಿದ್ದೆ, ಹುಡುಗರು ಮರೆತರು. ಮಗಳ ನಾಮಕರಣದ ಫೋಟೋ ಒಂದೂ ಉಳಿಯಲಿಲ್ಲ. ಇವತ್ತಿಗೂ ಸಂಕಟ ಆಗುತ್ತದೆ.

ಮದರ್‌ಬೋರ್ಡ್ ನಿಜಕ್ಕೂ ಹೋಗಿದ್ದರೂ ಡಿಸ್ಕ್‌ನಲ್ಲಿರುವುದು ಹಾಗೇ ಇರಬಹುದು. ಅದನ್ನು ಬಿಚ್ಚಿ, ಸಾಟಾದಿಂದ (ಡಿಸ್ಕ್‌ನ ಜೋಡಣೆ) ಯುಎಸ್‌ಬಿಗೆ ಬದಲಿಸುವ ಕೇಬಲ್ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ನಕಲು ಮಾಡಿಕೊಳ್ಳಿ. 3.5 ಇಂಚಿನ ಡಿಸ್ಕ್ ಆದರೆ ಬೇರೆ ಕರೆಂಟ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ಡಿಸ್ಕ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಪ್ರತಿ ಸಲವೂ ಇನ್ನಷ್ಟು ಹಾಳಾಗಬಹುದು.

ನಾಪೋಕ್ಲಿನಿಂದ ಮತ್ತೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ದಿನ ಬಲ್ಬ್ ಕೆಳಗೆ ಇಟ್ಟೆ. ಮಗನ ರಬ್ಬರ್‌ನಿಂದ ಉಜ್ಜಿದಾಗ ರಬ್ಬರೇ ಕಪ್ಪಾಯಿತು! ಮೊದಲ ಸಲ ಮತ್ತೆ ಬೀಪ್ ಬಂತು. ನೋಡಿದರೆ ಒಂದು ಬದಿಯ ಕ್ಲಿಪ್ ಕೂತಿರಲಿಲ್ಲ. ಗಟ್ಟಿಯಾಗಿ ಒತ್ತಿದ ಮೇಲೆ ಪರದೆ ಬೆಳಗಿತು. ಮೊದಲು ಅಪ್ಪನ ಫೋಟೋಗಳನ್ನು ಹೊರಗಿನ ಡಿಸ್ಕ್‌ಗೆ ಹಾಕಿದೆ, ಆಮೇಲೆ ಹಾಜರಿ ಪುಸ್ತಕ. ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದೆ. ನಾಳೆ ಸಂತೆಗೆ ಹೋದಾಗ ಆ 2032 ಬ್ಯಾಟರಿ ತರುತ್ತೇನೆ.