ಚೀಟಿಯಲ್ಲಿ ‘ಚೀಲ@30946090’ ಎಂದು ಬರುವುದೇಕೆ?

ವಿದ್ಯಾರ್ಥಿನಿ, ದಾವಣಗೆರೆ:
ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದಾಗ ನಮ್ಮ ತಂದೆಯವರಿಗೆ ಸಿಗುವ ತೂಕದ ಚೀಟಿಯನ್ನು ಮಾದರಿಯಾಗಿಟ್ಟುಕೊಂಡು ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಚೀಲ’ ಎಂಬ ಕ್ಲಾಸ್ (ಆಬ್ಜೆಕ್ಟುಗಳನ್ನು ರೂಪಿಸುವ ನಮೂನೆ) ಬರೆದಿದ್ದೇನೆ. ಲಾಟ್ ಸಂಖ್ಯೆ, ತೂಕ, ತೇವಾಂಶ ಎಲ್ಲವನ್ನೂ ತುಂಬಿದ್ದರೂ ಆಬ್ಜೆಕ್ಟನ್ನು ಪ್ರಿಂಟ್ ಮಾಡಿದರೆ ‘ಚೀಲ@30946090’ ಎಂದಷ್ಟೇ ಬರುತ್ತದೆ. ಇದು ಮೆಮೊರಿಯ ವಿಳಾಸವೇ? ಆಬ್ಜೆಕ್ಟನ್ನು ಪಠ್ಯವಾಗಿ ತೋರಿಸುವ ಟೂಸ್ಟ್ರಿಂಗ್ (toString) ಎಂಬ ಮೆಥಡ್‌ನಲ್ಲಿ, ಅಂದರೆ ಕ್ಲಾಸಿನೊಳಗಿನ ಕೋಡ್ ತುಣುಕಿನಲ್ಲಿ, ಇಡೀ ಚೀಟಿಯನ್ನೇ ಬರೆದುಬಿಡಬಹುದೇ?

ಉಪನ್ಯಾಸಕ, ಚಿತ್ರದುರ್ಗ:
ವಿಳಾಸವೆಂದು ತಿಳಿಯಬೇಡಿ. ಜಾವಾದ ಪ್ರತಿಯೊಂದು ಕ್ಲಾಸಿಗೂ ‘ಆಬ್ಜೆಕ್ಟ್’ ಎಂಬ ಮೂಲ ಕ್ಲಾಸಿನಿಂದ ಟೂಸ್ಟ್ರಿಂಗ್ ಬಂದಿರುತ್ತದೆ. ನಿಮ್ಮ ಚೀಲದಲ್ಲಿ ಜೋಳವಿದೆಯೋ ಶೇಂಗಾ ಇದೆಯೋ ಎಂಬುದು ಆ ಮೂಲ ಮೆಥಡ್‌ಗೆ ಗೊತ್ತಿಲ್ಲದ ಕಾರಣ, ಅದು ಕ್ಲಾಸಿನ ಹೆಸರು, @ ಚಿಹ್ನೆ ಮತ್ತು ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ರೂಪದ ಹ್ಯಾಶ್‌ಕೋಡ್ (ಆಬ್ಜೆಕ್ಟಿಗೆ ಸಿಗುವ ಒಂದು ಪೂರ್ಣಾಂಕ) ಇಷ್ಟನ್ನೇ ಜೋಡಿಸಿ ಕೊಡುತ್ತದೆ. ಹ್ಯಾಶ್‌ಕೋಡ್ ಮೆಥಡನ್ನು ಓವರ್‌ರೈಡ್ ಮಾಡಿ, ಅಂದರೆ ಅದರ ಬದಲು ನಿಮ್ಮದನ್ನು ಬರೆದು, 16 ಎಂದು ಹಿಂದಿರುಗಿಸಿ ನೋಡಿ, ‘ಚೀಲ@10’ ಎಂದು ಬರುತ್ತದೆ; ಹೆಕ್ಸಾಡೆಸಿಮಲ್‌ನಲ್ಲಿ 16 ಅನ್ನು 10 ಎಂದು ಬರೆಯುತ್ತಾರೆ.

ಸಾಫ್ಟ್‌ವೇರ್ ಉದ್ಯೋಗಿ, ದಾವಣಗೆರೆ:
ಇಡೀ ಚೀಟಿಯನ್ನು ಅಲ್ಲಿಯೇ ಬರೆಯಲಿ ಎನ್ನುವುದು ನನ್ನ ಅಭಿಪ್ರಾಯ. ಪ್ರಿಂಟ್ ಮಾಡಿದಾಗ ಟೂಸ್ಟ್ರಿಂಗ್ ತಾನಾಗಿಯೇ ಕರೆಯಲ್ಪಡುವುದರಿಂದ, ಹೊಸದಾಗಿ ಕಲಿಯುವವರು ತಮ್ಮ ಕೆಲಸದ ಫಲವನ್ನು ಕೂಡಲೇ ಕಣ್ಣಾರೆ ನೋಡುತ್ತಾರೆ. ಆ ಸಂತೋಷವೇನೂ ಸಣ್ಣದಲ್ಲ.

ಉಪನ್ಯಾಸಕ, ಚಿತ್ರದುರ್ಗ:
ಸಂತೋಷವನ್ನು ಒಪ್ಪುತ್ತೇನೆ, ಜಾಗವನ್ನು ಒಪ್ಪಲಾರೆ. ರೈತರಿಗೆ ಕೊಡುವ ಚೀಟಿ ಒಂದು ಬಗೆಯದಾದರೆ ದಲಾಲಿ ಅಂಗಡಿಯ ಲೆಕ್ಕಕ್ಕೆ ಬೇಕಾದದ್ದು ಇನ್ನೊಂದು ಬಗೆಯದು, ಆದರೆ ಒಂದು ಕ್ಲಾಸಿನಲ್ಲಿ ಇರುವುದು ಒಂದೇ ಟೂಸ್ಟ್ರಿಂಗ್. ಅದು ತಪ್ಪು ಹುಡುಕುವ ಪ್ರೋಗ್ರಾಮರ್‌ಗೆ ಆಬ್ಜೆಕ್ಟಿನ ಗುರುತು ಹೇಳಿದರೆ ಸಾಕು. ಚೀಟಿಗೆ ಪ್ರತ್ಯೇಕ ಮೆಥಡ್ ಇರಲಿ.

ಟೆಸ್ಟರ್, ಹರಿಹರ:
ಉಪನ್ಯಾಸಕರ ಮಾತಿಗೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾನು ಪರೀಕ್ಷಿಸಿದ ಒಂದು ತಂತ್ರಾಂಶದಲ್ಲಿ ಟೂಸ್ಟ್ರಿಂಗ್ ಎಲ್ಲ ಮಾಹಿತಿಯನ್ನೂ ಹೊರಹಾಕುತ್ತಿದ್ದುದರಿಂದ, ಗ್ರಾಹಕರ ಬ್ಯಾಂಕ್ ಖಾತೆ ಸಂಖ್ಯೆಗಳು ತಂತ್ರಾಂಶದ ಚಟುವಟಿಕೆ ದಾಖಲಾಗುವ ಲಾಗ್ ಫೈಲಿನ ಸಾಲುಸಾಲಿನಲ್ಲೂ ಬಂದು ಕುಳಿತಿದ್ದವು. ಚೀಲದ ಜೊತೆ ಮುಂದೆ ರೈತರ ಖಾತೆಯನ್ನೂ ಸೇರಿಸುವಿರಾದರೆ ಈಗಲೇ ಎಚ್ಚರ ವಹಿಸಿ.

ವಿದ್ಯಾರ್ಥಿನಿ, ದಾವಣಗೆರೆ:
ಟೂಸ್ಟ್ರಿಂಗನ್ನು ಚಿಕ್ಕದಾಗಿಯೇ ಬರೆದೆ ಸರ್, ಆದರೂ ಹಳೆಯ ಸಾಲೇ ಬರುತ್ತಿದೆ, ಕಂಪೈಲರ್ (ಕೋಡನ್ನು ಪರಿಶೀಲಿಸಿ ಅನುವಾದಿಸುವ ತಂತ್ರಾಂಶ) ಯಾವ ದೋಷವನ್ನೂ ತೋರಿಸುತ್ತಿಲ್ಲ.

ಉಪನ್ಯಾಸಕ, ಚಿತ್ರದುರ್ಗ:
toString ಎಂಬ ಹೆಸರಿನ ನಡುವಿನ ‘ಎಸ್’ ದೊಡ್ಡಕ್ಷರವಾಗಿದೆಯೇ ನೋಡಿ. ಸಣ್ಣಕ್ಷರವಾದರೆ ಜಾವಾ ಅದನ್ನು ಬೇರೆಯೇ ಮೆಥಡ್ ಎಂದು ಭಾವಿಸಿ ಸುಮ್ಮನಿರುತ್ತದೆ. ಮೆಥಡ್‌ನ ಮೇಲಿನ ಸಾಲಿನಲ್ಲಿ ‘@ಓವರ್‌ರೈಡ್’ (@Override) ಎಂದು ಬರೆದಿದ್ದರೆ ಕಂಪೈಲರ್ ಅಲ್ಲಿಯೇ ತಡೆಯುತ್ತಿತ್ತು. 2004ರ ಜಾವಾ 5ರಿಂದ ಈ ಅನುಕೂಲವಿದೆ, ದಯವಿಟ್ಟು ಬಿಡಬೇಡಿ.

ವಿದ್ಯಾರ್ಥಿನಿ, ದಾವಣಗೆರೆ:
ಅದೇ ತಪ್ಪಾಗಿತ್ತು. ಈಗ ‘ಚೀಲ: ಲಾಟ್ 47, 62.5 ಕೆ.ಜಿ., ತೇವಾಂಶ 14%’ ಎಂದು ಬಂದಿದೆ. ಚೀಟಿಯ ಮೆಥಡ್ಡನ್ನು ಬೇರೆಯಾಗಿ ಬರೆಯುತ್ತಿದ್ದೇನೆ.